ಕಲ್ಯಾಣದ ಬ್ಯಾಕಪ್, ಹುಮನಾಬಾದಿನ ಅಜ್ಜಿ

ಹೋದ ತಿಂಗಳು ಆಫೀಸಿನಲ್ಲಿ ಒಂದಿಡೀ ರಾತ್ರಿ ನಿದ್ದೆಗೆಟ್ಟೆ. ಕ್ಲೈಂಟ್ ಒಬ್ಬರ ಡೇಟಾಬೇಸ್ ಹಾಳಾಗಿತ್ತು, ಟೇಪಿನಿಂದ ರಿಸ್ಟೋರ್ ಮಾಡಬೇಕಿತ್ತು. "ಎರಡು ತಾಸು ಸಾಕು" ಅಂದವನು ನಾನೇ. ಮುಗಿದಾಗ ಬೆಳಿಗ್ಗೆ ಒಂಬತ್ತು! ಬ್ಯಾಕಪ್ ಸರಿಯಾಗಿಯೇ ಇತ್ತು, ತಪ್ಪು ಇದ್ದದ್ದು ನಾನು ಕೂರಿಸಿದ್ದ ಸೆಟ್ಟಿಂಗಿನಲ್ಲಿ.

ಟೇಪ್ ಅಂದರೆ ಹಳೇ ಕ್ಯಾಸೆಟ್ ಥರವೇ. ಒಂದು ಎಲ್‌ಟಿಓ-೮ ಟೇಪಿನಲ್ಲಿ ೧೨ ಟೆರಾಬೈಟ್ ಹಿಡಿಯುತ್ತದೆ. ಸೆಕೆಂಡಿಗೆ ೩೬೦ ಮೆಗಾಬೈಟಿನಂತೆ ಓಡಿದರೂ ಪೂರ್ತಿ ಓದಲು ಒಂಬತ್ತು ತಾಸು ಮೀರುತ್ತದೆ. ಡೇಟಾ ನಿಧಾನವಾಗಿ ಬಂದರೆ ಡ್ರೈವ್ ನಿಂತು, ಹಿಂದೆ ಸರಿದು, ಮತ್ತೆ ಹೊರಡಬೇಕು. ಅದು ನಿಲ್ಲದಿರಲಿ ಅಂತ ಹಲವು ಸರ್ವರ್‌ಗಳ ಡೇಟಾ ತುಣುಕುಗಳನ್ನು ಒಂದರ ನಡುವೆ ಒಂದು ಹೆಣೆದು ಬರೆಯುತ್ತೇವೆ. ಇದಕ್ಕೆ ಮಲ್ಟಿಪ್ಲೆಕ್ಸಿಂಗ್ ಅಂತಾರೆ. ಬ್ಯಾಕಪ್ ಬೇಗ ಮುಗಿಯುತ್ತದೆ. ಆದರೆ ನಾನು ಎಂಟು ಸರ್ವರ್‌ಗಳನ್ನು ಹೆಣೆದಿದ್ದೆ. ಒಂದು ವಾಪಸ್ ಬೇಕು ಅಂದಾಗ ಉಳಿದ ಏಳನ್ನೂ ದಾಟಿಕೊಂಡೇ ಹೋಗಬೇಕಾಯಿತು.

ಅದೇ ವಾರಾಂತ್ಯ ಹುಮನಾಬಾದಿಗೆ ಹೋದೆ. ಅಲ್ಲಿಂದ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ. ಕೋಟೆ ನೋಡಿ, ತ್ರಿಪುರಾಂತ ಕೆರೆಯ ದಂಡೆಯಲ್ಲಿ ಕೂತಾಗಲೂ ತಲೆಯಲ್ಲಿ ಟೇಪೇ ಸುತ್ತುತ್ತಿತ್ತು. ಆಗ ಅನ್ನಿಸಿದ್ದು, ಈ ಊರಿನಷ್ಟು ದೊಡ್ಡ ರಿಸ್ಟೋರ್ ಕಥೆ ನಮ್ಮ ನಾಡಿನಲ್ಲಿ ಬೇರೆ ಯಾವುದಿದೆ?

೧೨ನೇ ಶತಮಾನದ ಕಲ್ಯಾಣದಲ್ಲಿ ಶಾಂತರಸ ಎಂಬ ಶರಣರಿದ್ದರು. ವಚನಭಂಡಾರಿ ಅಂತಲೇ ಅವರ ಹೆಸರು. ವಚನಗಳ ಓಲೆಗಳನ್ನು ಕಾಯುವ ಕಾಯಕ. ನನ್ನ ಮಟ್ಟಿಗೆ ಅವರು ಕನ್ನಡದ ಮೊದಲ ಬ್ಯಾಕಪ್ ಅಡ್ಮಿನ್ :-) ೧೧೬೭ರ ಹೊತ್ತಿಗೆ ಬಿಜ್ಜಳನ ಕಾಲ ಮುಗಿದು ಕಲ್ಯಾಣ ಕದಡಿಹೋಯಿತು. ಚೆನ್ನಬಸವಣ್ಣನವರೂ ಇತರ ಶರಣರೂ ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನ ಕಡೆ ಹೋದರು ಅಂತ ನಮ್ಮ ಕಡೆ ಇವತ್ತಿಗೂ ಹೇಳುತ್ತಾರೆ.

ಮುಂದೆ ೧೫ನೇ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದ ಆಸುಪಾಸಿನಲ್ಲಿ, ವಿರಕ್ತರು ವಚನಗಳನ್ನು ಮತ್ತೆ ಕೂಡಿಸಿದರು. ಹೇಗೆ ಗೊತ್ತಾ? ಎಷ್ಟೋ ಕಟ್ಟುಗಳಲ್ಲಿ ಸ್ಥಲದ ಪ್ರಕಾರ. ಏಕೋತ್ತರ ಶತಸ್ಥಲ ಅಂದರೆ ನೂರೊಂದು ಸ್ಥಲ, ಒಂದೊಂದು ಸ್ಥಲದಲ್ಲೂ ಬೇರೆಬೇರೆ ಶರಣರ ವಚನ. ಶೂನ್ಯಸಂಪಾದನೆಯಲ್ಲಂತೂ ಅಲ್ಲಮ, ಅಕ್ಕ, ಬಸವಣ್ಣ ಎಲ್ಲರ ವಚನಗಳೂ ಸಂಭಾಷಣೆಯಾಗಿ ಹೆಣೆದುಕೊಂಡಿವೆ. ಪಕ್ಕಾ ಮಲ್ಟಿಪ್ಲೆಕ್ಸಿಂಗ್! ಸಾಧನೆಗೆಂದು ಓದುವವರಿಗೆ ಆ ಜೋಡಣೆ ಸರಿಯೇ. ಆದರೆ ಒಬ್ಬರದೇ ವಚನಗಳು ಬೇಕು ಅಂದರೆ ಕಟ್ಟುಕಟ್ಟು ಬಿಚ್ಚಿ ಹುಡುಕಬೇಕು.

ಆ ಹುಡುಕಾಟಕ್ಕೆ ಜೀವ ತೇಯ್ದವರು ವಿಜಾಪುರದ ವಕೀಲ ಫ.ಗು. ಹಳಕಟ್ಟಿ. ಊರೂರು ತಿರುಗಿ ತಾಡೋಲೆ ಕೂಡಿಸಿ ೧೯೨೩ರಲ್ಲಿ 'ವಚನಶಾಸ್ತ್ರಸಾರ' ಅಚ್ಚು ಹಾಕಿಸಿದರು. ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯ, ೧೯೨೬ರಲ್ಲಿ 'ಶಿವಾನುಭವ' ಪತ್ರಿಕೆ. ಮುದ್ರಣಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ೧೯೯೩ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರ ಸಮಗ್ರ ವಚನ ಸಂಪುಟ ತಂದಿತು, ೧೫ ಸಂಪುಟ. ಇದರಲ್ಲಿ ಜೋಡಣೆ ವಚನಕಾರರ ಪ್ರಕಾರ.

ಇಷ್ಟು ಹೆಣೆದುಹೋದದ್ದನ್ನು ಬಿಡಿಸಲು ಸಾಧ್ಯವಾದದ್ದು ಮುಖ್ಯವಾಗಿ ಅಂಕಿತದಿಂದ. ಟೇಪಿನಲ್ಲಿ ಒಂದೊಂದು ತುಣುಕಿಗೂ ಅದು ಯಾವ ಸರ್ವರಿನದು ಅಂತ ಗುರುತು ಇರುತ್ತದಲ್ಲ, ಹಾಗೆ. ಕೂಡಲಸಂಗಮದೇವ ಅಂದರೆ ಬಸವಣ್ಣ, ಗುಹೇಶ್ವರ ಅಂದರೆ ಅಲ್ಲಮ. ಕೊಟ್ಟಣದ ಸೋಮಮ್ಮನನ್ನೇ ನೋಡಿ. ಭತ್ತ ಕುಟ್ಟುವ ಕಾಯಕದವಳು. ಸಿಕ್ಕಿರುವುದು ಒಂದೇ ವಚನ, ಅಂಕಿತ ನಿರ್ಲಜ್ಜೇಶ್ವರ. ಆ ಒಂದು ಗುರುತು ಅಳಿಸಿದ್ದರೆ ಎಂಟುನೂರು ವರ್ಷದ ಹಿಂದೆ ಅವಳೂ ಒಂದು ಮಾತು ಆಡಿದ್ದಳು ಅಂತ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಆಫೀಸಿಗೆ ವಾಪಸ್ ಬಂದು ಸೆಟ್ಟಿಂಗ್ ಬದಲಿಸಿದೆ. ಡೇಟಾಬೇಸಿಗೆ ಮಲ್ಟಿಪ್ಲೆಕ್ಸಿಂಗ್ ಇಲ್ಲ. ಮೊದಲು ಡಿಸ್ಕಿಗೆ ಬರೆದು, ಅಲ್ಲಿಂದ ಟೇಪಿಗೆ ಒಂದೇ ಓಟದಲ್ಲಿ ಇಳಿಸುವುದು. ಒಂದು ಸರ್ವರಿನದು ಆದಷ್ಟೂ ಒಂದೇ ಟೇಪಿನಲ್ಲಿ. ಯಾವುದು ಎಲ್ಲಿದೆ ಅಂತ ಹೇಳುವ ಕ್ಯಾಟಲಾಗಿನ ಪ್ರತಿ ಬೇರೆ ಜಾಗದಲ್ಲಿ. ಬ್ಯಾಕಪ್ ಮೊದಲಿಗಿಂತ ನಿಧಾನ, ಆಗಲಿ ಬಿಡಿ. ಈ ಸಲ ಪರೀಕ್ಷೆಗೆಂದೇ ರಿಸ್ಟೋರ್ ಮಾಡಿ ನೋಡಿದೆ. ಎರಡು ತಾಸಿನ ಒಳಗೇ ಮುಗಿಯಿತು.

ಆದರೆ ನನ್ನನ್ನು ಕಾಡುತ್ತಿರುವುದು ಬೇರೆ. ಹುಮನಾಬಾದಿನಲ್ಲಿ ಅಜ್ಜಿ ತತ್ವಪದ ಹಾಡುತ್ತಾಳೆ. ಓದು ಬರಹ ಬಾರದು. ಬಸವಕಲ್ಯಾಣದಿಂದ ವಾಪಸ್ ಬಂದ ರಾತ್ರಿ ಒಂದು ಪದದ ಮೂರನೇ ನುಡಿ ಮಾತ್ರ ಕೇಳಿದೆ. "ನಡುವಿಂದ ಹ್ಯಾಂಗ ಬರ್ತದೋ ತಮ್ಮಾ, ಮೊದಲಿನಿಂದ ಹೇಳ್ತೀನಿ ಕೇಳು" ಅಂದಳು. ಶುರು ಮಾಡಿದಳು, ಎರಡನೇ ನುಡಿಗೇ ನಿಂತಳು. ಮುಂದಿನದು ನೆನಪಾಗಲಿಲ್ಲ. ಮೊದಲೆಲ್ಲ ಹೀಗಾಗುತ್ತಿರಲಿಲ್ಲ. ಬ್ಯಾಕಪ್ಪೇ ಹೊಟ್ಟೆಪಾಡಾಗಿರುವ ಮೊಮ್ಮಗನ ಹತ್ತಿರ ಅವಳ ಒಂದು ಪದದ ಪ್ರತಿಯೂ ಇಲ್ಲ.

ಮುಂದಿನ ಶನಿವಾರಕ್ಕೆ ಟಿಕೆಟ್ ಬುಕ್ ಮಾಡಿದ್ದೇನೆ. ಒಂದೊಂದು ಪದಕ್ಕೆ ಒಂದೊಂದು ಫೈಲು, ಹೆಸರು ಹಾಕಿ, ಎರಡು ಕಡೆ ಇಡಬೇಕು. ನಿಮ್ಮ ಮನೆಯಲ್ಲೂ ಅಂಥ ಅಜ್ಜಿ ಇದ್ದರೆ ತಡ ಮಾಡಬೇಡಿ.