ಗಡಿ ದಾಟಿಸಿದ ಮಾರಿ

ಊಟದ ಬಿಡುವಿನಲ್ಲಿ ಏಳನೇ ತರಗತಿಯ ಹುಡುಗರು ಮೊಬೈಲಿನ ಆಟವೊಂದರ ಬಗ್ಗೆ ಜೋರಾಗಿ ಮಾತಾಡುತ್ತಿದ್ದರು. ಅದರಲ್ಲಿ ಸಾವಿಗೇ ಒಬ್ಬ ದೇವರಿದ್ದಾನಂತೆ. ಕಪ್ಪು ನಿಲುವಂಗಿ, ಕೈಯಲ್ಲಿ ಉದ್ದನೆಯ ಕುಡುಗೋಲು. "ನಮ್ಮಲ್ಲಿ ಇಂಥಾ ದೇವರು ಯಾರು ಅದಾರ್ರೀ ಸರ್?" ಎಂದು ಒಬ್ಬ ಕೇಳಿದ. "ಯಮ!" ಎಂದು ನಾಲ್ಕೈದು ದನಿ ಒಟ್ಟಿಗೆ ಬಂದವು. ಹಿಂದಿನ ಸಾಲಿನ ಹುಡುಗನೊಬ್ಬ ಮಾತ್ರ ಮೆಲ್ಲಗೆ "ಮರಿಆಯಿ ರೀ" ಎಂದ. ಉಳಿದವರು ನಕ್ಕರು. ಯಾಕೆ ನಕ್ಕರೆಂದು ಆಮೇಲೆ ಹೇಳುತ್ತೇನೆ. ಇತಿಹಾಸ ಕಲಿಸುವ ನನಗೆ ಅವನ ಉತ್ತರವೇ ಸರಿ ಅನ್ನಿಸಿತು.

ಯಮ ಪುರಾಣದ ದೇವರು. ಕೋಣ, ಪಾಶ, ಚಿತ್ರಗುಪ್ತನ ಲೆಕ್ಕ ಎಲ್ಲವೂ ಉಂಟು. ಆದರೆ ಸೊಲ್ಲಾಪುರ, ಅಕ್ಕಲಕೋಟ ಸೀಮೆಯ ಹಳ್ಳಿಯಲ್ಲಿ ಯಮನ ಗುಡಿ ಹುಡುಕಿ ನೋಡಿ, ಸಿಗುವುದು ಕಷ್ಟ. ಮರಿಆಯಿಯ ಕಟ್ಟೆ ಸುಲಭವಾಗಿ ಸಿಗುತ್ತದೆ. ಕನ್ನಡ ಮನೆಗಳಲ್ಲಿ ಅವಳು ಮರಗಮ್ಮ, ಮರಗವ್ವ. ಯಮನ ಮುಂದೆ ಯಾರ ಮಾತೂ ನಡೆಯುವುದಿಲ್ಲ. ಈ ತಾಯಿಯ ಜೊತೆ ಮಾತಾಡಬಹುದು, ಸೀರೆ ಉಡಿಸಬಹುದು, ಕಾಡಿ ಬೇಡಬಹುದು. ಅದಕ್ಕೇ ಹಳ್ಳಿಯ ಜನ ಸಾವಿಗೆ ತಾಯಿಯ ರೂಪ ಕೊಟ್ಟರು ಎಂದು ನನ್ನ ಅಭಿಪ್ರಾಯ.

'ಮಾರಿ' ಎಂಬ ಮಾತಿನಲ್ಲೇ ಸಾವು ಇದೆ. ಸಾಯುವುದು ಎಂಬ ಅರ್ಥದ ಸಂಸ್ಕೃತದ 'ಮೃ' ಧಾತುವಿನಿಂದ ಬಂದದ್ದು. (ನಮ್ಮ ಕಡೆ ಮಾರಿ ಎಂದರೆ ಮುಖವೂ ಹೌದು. "ಮಾರಿ ತೊಳಕೊಂಡು ಬಾ" ಎಂದರೆ ಬೆಂಗಳೂರಿನವರು ಬೆಚ್ಚಿಬೀಳುತ್ತಾರೆ!) 12ನೇ ಶತಮಾನದ ಶರಣರು ಮಾರಿ, ಮಸಣಿಯರ ಪೂಜೆಯನ್ನು ಟೀಕಿಸಿದ್ದಾರೆ. ಅಂದರೆ ಆಗಲೇ ಅವಳು ಕನ್ನಡ ನಾಡಿನಲ್ಲಿ ಗಟ್ಟಿಯಾಗಿ ಕುಳಿತಿದ್ದಳು.

ಅವಳ ಅಧಿಕಾರ ಬಹಳ ಹೆಚ್ಚಿದ್ದು 19ನೇ ಶತಮಾನದಲ್ಲಿ. 1817ರಲ್ಲಿ ಬಂಗಾಳದ ಜೆಸ್ಸೋರಿನಲ್ಲಿ ಎದ್ದ ಕಾಲರಾ ಮರುವರ್ಷವೇ ದಖ್ಖನಿಗೆ ಬಂತು. ನಮ್ಮ ಜಿಲ್ಲೆಯ ಪಂಢರಪುರಕ್ಕೆ ಆಷಾಢದ ವಾರಿಗೆ ಲಕ್ಷಗಟ್ಟಲೆ ಜನ ಬರುತ್ತಿದ್ದರು. ಮೀಯುವುದೂ ಕುಡಿಯುವುದೂ ಅದೇ ಭೀಮೆಯ ನೀರು. ಬೇನೆ ಹತ್ತಿದವರು ಅದನ್ನು ಹೊತ್ತುಕೊಂಡೇ ಊರು ಸೇರುತ್ತಿದ್ದರು. ಬೆಳಗ್ಗೆ ಹೊಲಕ್ಕೆ ಹೋದವನು ಸಂಜೆಗೆ ಇಲ್ಲ ಎಂಬಂಥ ಸಾವು ಅದು.

ಆಗ ಊರಿನವರು ಮರಿಆಯಿಯ 'ಗಾಡಾ' ಹೊರಡಿಸುತ್ತಿದ್ದರು. ಚಿಕ್ಕ ಕಟ್ಟಿಗೆಯ ಬಂಡಿಯಲ್ಲಿ ದೇವಿಯನ್ನು ಕೂರಿಸಿ, ಸೀರೆ, ಬಳೆ, ನಿಂಬೆಹಣ್ಣು, ನೈವೇದ್ಯ ಇಟ್ಟು, ಹಲಗೆ ಬಾರಿಸುತ್ತ ಸೀಮೆಯ ಕಲ್ಲಿನತನಕ ಎಳೆದು ಅಲ್ಲಿ ಬಿಟ್ಟು ಹಿಂದಿರುಗಿ ನೋಡದೆ ಬರುವುದು. ಸೀಮೆಯ ಆಚೆ ಇನ್ನೊಂದು ಊರು ಇದೆಯಲ್ಲ! ಆ ಊರಿನವರು ಬಂಡಿ ಕಂಡು ಹೆದರಿ ಮುಂದಿನ ಸೀಮೆಗೆ ತಳ್ಳುತ್ತಿದ್ದರು. ನಮ್ಮ ಸಾವು ನೆರೆಯವರಿಗೆ ಹೋಗಲಿ ಎಂಬುದು ಪೂಜೆಯ ಒಳಗಿನ ಮಾತು. ಗಡಿಯ ಮೇಲೆ ಕೂತು ಕಲಿಸುವ ನನಗೆ ಈ ಬಂಡಿ ಪದೇ ಪದೇ ನೆನಪಾಗುತ್ತದೆ.

1896ರಲ್ಲಿ ಮುಂಬಯಿಗೆ ಪ್ಲೇಗು ಬಂದು, ನಂತರ ಸೊಲ್ಲಾಪುರ, ಬಿಜಾಪುರ, ಧಾರವಾಡ ಎಲ್ಲ ಕಡೆ ಹರಡಿತು. ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದರು. ಇಲಿಯ ಚಿಗಟ ರೋಗ ತರುತ್ತದೆಂದು ಸಿಮೊಂಡ್ ಕಂಡದ್ದು 1898ರಲ್ಲಿ, ಕರಾಚಿಯಲ್ಲಿ. ಇಲಿ ಸತ್ತ ಮನೆ ಬಿಡಬೇಕೆಂದು ಜನ ಅನುಭವದಿಂದಲೇ ತಿಳಿದಿದ್ದರು. ಸಿಡುಬಿಗಂತೂ ಮರಾಠಿಯಲ್ಲಿ 'ದೇವಿ' ಎಂದೇ ಹೆಸರು. ಲಸಿಕೆ ಹಾಕುವುದಕ್ಕೂ 'ದೇವಿ ಟೋಚಣೆ'. ದೇವಿಯ ಹೆಸರಿನಲ್ಲೇ ಸರ್ಕಾರದ ಸೂಜಿ ಮನೆಯೊಳಗೆ ಬಂತು! ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ 1975ರ ಮೇ ತಿಂಗಳಿನದು.

ಈಗ ಹುಡುಗರು ನಕ್ಕ ಕಾರಣ. ಆ ಹುಡುಗನ ಅಜ್ಜ ಪೋತರಾಜ. ಕತ್ತರಿಸದ ಕೂದಲು, ಬಣ್ಣದ ಬಟ್ಟೆಯ ಲಂಗ, ಕಾಲಲ್ಲಿ ಗೆಜ್ಜೆ, ಕೈಯಲ್ಲಿ ಚಾಟಿ. ತಲೆಯ ಮೇಲೆ ದೇವಿಯನ್ನು ಹೊತ್ತ ಹೆಂಡತಿ ವಾದ್ಯ ನುಡಿಸಿದರೆ, ಗಂಡ ತನ್ನ ಮೈಗೆ ತಾನೇ ಚಟೀರ್ ಎಂದು ಹೊಡೆದುಕೊಳ್ಳುತ್ತಾನೆ. ಕನ್ನಡದ ಕಡೆ ದುರುಗಮುರಗಿಯವರ ಆಟವೂ ಇದೇ ಬಗೆಯದು. ಊರಿಗೆ ಬಂದ ಪೆಟ್ಟನ್ನು ಒಬ್ಬ ತನ್ನ ಬೆನ್ನಿಗೆ ತೆಗೆದುಕೊಳ್ಳುವುದು. ಯಾರ ಬೆನ್ನು? ಹೆಚ್ಚಾಗಿ ಮಾಂಗ, ಮಹಾರ ಮುಂತಾದ ಊರ ಹೊರಗಿನ ಕೇರಿಯವರದು. ಬೇನೆ ಬಂದಾಗ ಕೈಮುಗಿದು ಕರೆದವರೇ ಬೇನೆ ಹೋದ ಮೇಲೆ ಅವರನ್ನು ಅಂಗಳದ ಆಚೆ ನಿಲ್ಲಿಸಿದರು. ಸಾವನ್ನು ದಾಟಿಸಲು ಊರಿಗೆ ಎರಡು ಗಡಿಗಳಿದ್ದವು: ಒಂದು ಸೀಮೆಯ ಕಲ್ಲು, ಇನ್ನೊಂದು ಆ ಕೇರಿ. 1956ರಲ್ಲಿ ಡಾ. ಅಂಬೇಡ್ಕರರು ಬೌದ್ಧರಾದ ಮೇಲೆ ಮಹಾರ ಮನೆತನಗಳು ಅನೇಕ ಕಡೆ ಈ ಪದ್ಧತಿ ಬಿಟ್ಟವು. ಪೋತರಾಜನ ಮಗನಾಗಿ ಬೆಳೆದ ಪಾರ್ಥ ಪೋಳಕೆ ಅವರ ಮರಾಠಿ ಆತ್ಮಕಥನ 'ಆಭರಾನ'ವನ್ನು ನಮ್ಮ ಗುರುಬಾಂಧವರು ಓದಬೇಕು.

ಕಾಲರಾ ಕುಡಿಯುವ ನೀರಿನಿಂದ ಬರುತ್ತದೆಂದು ಜಾನ್ ಸ್ನೋ 1854ರಲ್ಲಿ ಲಂಡನ್ನಿನ ಒಂದು ಕೈಪಂಪು ಹಿಡಿದು ತೋರಿಸಿದ್ದ. ನಮ್ಮಲ್ಲಿ ಮಾರಿಯನ್ನು ನಿಜವಾಗಿ ಹಿಂದಕ್ಕೆ ಸರಿಸಿದ್ದು ಶುದ್ಧ ನೀರು. ಪಂಚಾಯಿತಿಯವರು ಬಾವಿಗೆ ಹಾಕುವ ಟಿ.ಸಿ.ಎಲ್. ಪಾವಡರಿಗೆ ಯಾರೂ ಹೂ ಏರಿಸಲಿಲ್ಲ, ಪಾಪ! ಆದರೂ 2021ರಲ್ಲಿ ಕೊಯಮತ್ತೂರಿನ ಮಠವೊಂದು ಕೊರೋನಾ ದೇವಿಯ ಮೂರ್ತಿ ಇಟ್ಟಿತು. ಹೆದರಿದಾಗ ಜನ ಹಳೆಯ ದಾರಿಯನ್ನೇ ಹಿಡಿಯುತ್ತಾರೆ.

ಇಷ್ಟನ್ನೂ ಮರುದಿನ ತರಗತಿಯಲ್ಲಿ ಹೇಳಿದೆ, ಅಜ್ಜನ ಮಾತು ತೆಗೆಯದೆ. ಮುಗಿದ ಮೇಲೆ ಆ ಹುಡುಗನೇ ಎದ್ದು ನಿಂತ. "ಸರ್, ನಮ್ಮ ಮುತ್ಯಾನ ಬೆನ್ನ ಮ್ಯಾಲೆ ಇನ್ನೂ ಬಾಸುಂಡೆ ಅದಾವ್ರೀ" ಎಂದ. ಈ ಸಲ ಯಾರೂ ನಗಲಿಲ್ಲ.