ಗಾಲಿಗೆ ಗೊರಸು ಬಂದ ಕಥೆ

ಮಸ್ಕಿ ಅಂದ ಕೂಡಲೇ ಎಲ್ಲರೂ ಅಶೋಕನ ಶಾಸನ ಅಂತಾರೆ. ತಪ್ಪೇನಿಲ್ಲ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತಾ ಬಂದು ನಮ್ಮೂರ ಬೆಟ್ಟದಲ್ಲಿ ಶಾಸನ ಕಂಡ. ಅದರಲ್ಲಿ 'ದೇವಾನಾಂಪ್ರಿಯ' ಅನ್ನುವ ಬಿರುದಿನ ಜೊತೆಗೆ ಅಶೋಕನ ಹೆಸರೂ ಇತ್ತು. ಅಲ್ಲಿಂದ ನಮ್ಮೂರು ಶಾಲೆಯ ಪಠ್ಯಪುಸ್ತಕಕ್ಕೆ ಸೇರಿತು. ಅದರ ಬಗ್ಗೆ ಬರೆಯೋಕೆ ದೊಡ್ಡ ದೊಡ್ಡ ವಿದ್ವಾಂಸರು ಇದ್ದಾರೆ ಬಿಡಿ. ನಾನು ಇವತ್ತು ಹೇಳಹೊರಟಿರೋದು ಚಕ್ರದ ಕಥೆ. ಇನ್ನೂ ಸರಿಯಾಗಿ ಹೇಳಬೇಕಂದ್ರೆ, ನಿಂತ ಗಾಡಿ ಹೊರಡುವ ಮೊದಲ ಒಂದು ಸೆಕೆಂಡಿನ ಕಥೆ.

ಡ್ರ್ಯಾಗ್ ರೇಸ್ ಅಂದರೆ ಗೊತ್ತಲ್ಲ? ಎರಡು ಗಾಡಿ ಪಕ್ಕ ಪಕ್ಕ ನಿಲ್ಲುತ್ತವೆ. ದೀಪ ಹಸಿರಾದ ತಕ್ಷಣ ಕಾಲು ಮೈಲಿ, ಅಂದರೆ 402 ಮೀಟರ್, ನೇರವಾಗಿ ಓಡಬೇಕು. ತಿರುವಿಲ್ಲ, ಏನಿಲ್ಲ. ನೋಡೋರಿಗೆ ಇದು ಬರೀ ಎಂಜಿನ್ ಆಟ ಅನ್ನಿಸುತ್ತೆ. ಆದರೆ ಆಡುವವರನ್ನು ಕೇಳಿ, ರೇಸು ಗೆಲ್ಲೋದು ಸೋಲೋದು ಮೊದಲ ಇಪ್ಪತ್ತು ಮೀಟರಿನಲ್ಲೇ ಅಂತಾರೆ. ಎಷ್ಟೇ ಕುದುರೆ ಶಕ್ತಿ ಇದ್ದರೂ ಅದು ನೆಲಕ್ಕೆ ಇಳಿಯಬೇಕು. ಇಳಿಯದಿದ್ದರೆ ಚಕ್ರ ಗಿರ್ರನೆ ಸುತ್ತುತ್ತೆ, ಹೊಗೆ ಬರುತ್ತೆ, ಗಾಡಿ ಮಾತ್ರ ಅಲ್ಲೇ!

ನಮ್ಮ ಎರೆಭೂಮಿಯವರಿಗೆ ಇದು ಹೊಸ ವಿಷಯವೇ ಅಲ್ಲ. ಮಳೆಗಾಲದಲ್ಲಿ ಎರೆಹೊಲದ ದಾರಿಗೆ ಬೈಕ್ ಇಳಿಸಿದವರನ್ನು ಕೇಳಿ ನೋಡಿ :)

ಮೊದಲು ಹಳೆಯ ಕಾಲಕ್ಕೆ ಹೋಗೋಣ. ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ. ಅದರ ಮೇಲೆ ಕಾಕತೀಯರ ಕಾಲದ, 1294ರ ಶಾಸನವಿದೆ. ಅದರ ಹತ್ತಿರದಲ್ಲೇ ಒಂದು ಗೀರುಚಿತ್ರ ಕೆತ್ತಿದ್ದಾರೆ: ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಹೇರಿದ್ದಾರೆ, ಕೋಣಗಳ ಸಾಲು ಎಳೆಯುತ್ತಿದೆ, ಆಳುಗಳು ನೂಕುತ್ತಿದ್ದಾರೆ. ರಾಜರ ಹೆಸರು ಕೆತ್ತಿಸಿದ ಶಾಸನಗಳು ನಾಡಿನ ತುಂಬಾ ಇವೆ. ಕಲ್ಲು ಹೇಗೆ ತಂದೆವು ಅಂತ ಕೆತ್ತಿಟ್ಟವರು ಅಪರೂಪ. ರಾಯಚೂರಿಗೆ ಹೋದವರು ಇದನ್ನು ತಪ್ಪದೇ ನೋಡಿ.

ಆ ಚಿತ್ರದಲ್ಲಿ ಒಂದು ಸೂಕ್ಷ್ಮ ಇದೆ. ಅಲ್ಲಿ ಚಕ್ರಕ್ಕೆ ನೆಲದ ಹಿಡಿತ ಬೇಕಾಗಿಲ್ಲ. ಚಕ್ರ ಸುಮ್ಮನೆ ಉರುಳಿದರೆ ಸಾಕು. ಹಿಡಿತ ಬೇಕಾಗಿರೋದು ಕೋಣದ ಗೊರಸಿಗೆ ಮತ್ತು ಆಳಿನ ಪಾದಕ್ಕೆ. ಎತ್ತಿನ ಬಂಡಿಯದೂ ಅದೇ ಲೆಕ್ಕ. ಗಾಲಿಗೆ ಹೊಡೆದ ಕಬ್ಬಿಣದ ಪಟ್ಟಾ ನುಣುಪಾಗಿದ್ದರೂ ನಡೆಯುತ್ತೆ, ಆದರೆ ಎತ್ತಿನ ಕಾಲಿಗೆ ಲಾಳ ಬೇಕು. ಸಾವಿರಾರು ವರ್ಷ ಹೀಗೇ ಇತ್ತು: ಉರುಳುವುದು ಗಾಲಿಯ ಕೆಲಸ, ನೆಲ ಹಿಡಿಯುವುದು ಗೊರಸಿನ ಕೆಲಸ.

ರಾಯಚೂರಿನಲ್ಲಿ ಕಾರಹುಣ್ಣಿಮೆ ಹೊತ್ತಿಗೆ ನಡೆಯುವ ಮುಂಗಾರು ಹಬ್ಬದಲ್ಲಿ ಎತ್ತುಗಳಿಂದ ಕಲ್ಲು ಎಳೆಸುವ ಸ್ಪರ್ಧೆ ಇರುತ್ತೆ. ಒಂದೂವರೆ ಟನ್, ಎರಡು ಟನ್, ಎರಡೂವರೆ ಟನ್ ತೂಕದ ಕಲ್ಲುಗಳು. ಕಲ್ಲಿಗೆ ಗಾಲಿಯೇ ಇಲ್ಲ! ಎತ್ತು ಹೊರಡುವ ಕ್ಷಣವನ್ನು ನೋಡಿ: ಹಿಂಗಾಲು ಮಡಚಿ, ಮೈ ತಗ್ಗಿಸಿ, ಗೊರಸನ್ನು ನೆಲಕ್ಕೆ ಊರಿ, ಆಮೇಲೆ ಒಂದೇ ಸಲ ಜಗ್ಗುತ್ತೆ. ಒಮ್ಮೆ ಕದಲಿತೆಂದರೆ ಮುಂದೆ ಹಗುರ. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ ಜಾಸ್ತಿ, ಕದಲಿದ ಮೇಲೆ ಎಳೆಯಲು ಬೇಕಾದ ಬಲ ಕಡಿಮೆ. ಇದನ್ನು ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ನಮಗೆ ಬೋರ್ಡಿನ ಮೇಲೆ ಬರೆದು ಕಲಿಸಿದರು. ಎತ್ತು ಹೂಡುವವರಿಗೆ ಅದು ಯಾವಾಗಲೋ ಗೊತ್ತಿತ್ತು.

ಈ ಕೆಲಸ ಹಂಚಿಕೆ ಕೆಟ್ಟಿದ್ದು ಎಂಜಿನ್ ಬಂದ ಮೇಲೆ. ಈಗ ಎಳೆಯಲು ಪ್ರಾಣಿ ಇಲ್ಲ. ಉರುಳುವ ಗಾಲಿಯೇ ನೆಲವನ್ನೂ ಹಿಡಿಯಬೇಕು. ಅಂದರೆ ಗಾಲಿಗೇ ಗೊರಸು ಬರಬೇಕಾಯಿತು.

ಮೊದಲ ಟ್ರ್ಯಾಕ್ಟರುಗಳಿಗೆ ನಿಜವಾಗಿಯೂ ಗೊರಸು ಹಾಕಿದರು. ಉಕ್ಕಿನ ಚಕ್ರ, ಅದರ ಮೇಲೆ ಉಕ್ಕಿನ ಹಲ್ಲು. ಹೊಲದಲ್ಲಿ ಚೆನ್ನ, ರಸ್ತೆಗೆ ಬಂದರೆ ರಸ್ತೆಯೇ ಹಾಳು. 1932ರ ಸುಮಾರಿಗೆ ಅಮೆರಿಕದ ಅಲಿಸ್-ಚಾಮರ್ಸ್ ಕಂಪನಿ ಗಾಳಿ ತುಂಬಿದ ರಬ್ಬರ್ ಟೈರಿನ ಟ್ರ್ಯಾಕ್ಟರ್ ತಂದಿತು. ರೈತರು ನಂಬಲಿಲ್ಲ. ಮೆತ್ತಗಿನ ರಬ್ಬರ್ ನೆಲ ಹಿಡಿಯುತ್ತಾ? ನಂಬಿಸಲು ಕಂಪನಿಯವರು ಏನು ಮಾಡಿದರು ಗೊತ್ತಾ? ಟ್ರ್ಯಾಕ್ಟರ್ ರೇಸ್! 1933ರಲ್ಲಿ ಹೆಸರಾಂತ ಕಾರ್ ರೇಸರ್ ಬಾರ್ನಿ ಓಲ್ಡ್‌ಫೀಲ್ಡ್ ಟ್ರ್ಯಾಕ್ಟರನ್ನು ಗಂಟೆಗೆ 64 ಮೈಲಿ ವೇಗದಲ್ಲಿ ಓಡಿಸಿದ. ನಮ್ಮ ಸಿಂಧನೂರು ರಸ್ತೆಯಲ್ಲಿ ಬಸ್ಸು ಕೂಡ ಅಷ್ಟು ಓಡಲ್ಲ ಬಿಡಿ.

ಇನ್ನೊಂದು ಸಮಸ್ಯೆ ಇತ್ತು, ಅದು ಜೀವಕ್ಕೇ ಬರೋದು. 1917ರಲ್ಲಿ ಬಂದ ಫೋರ್ಡ್‌ಸನ್ ಟ್ರ್ಯಾಕ್ಟರು ಅಗ್ಗ, ಹಗುರ, ಲಕ್ಷಗಟ್ಟಲೆ ಮಾರಾಟವಾಯಿತು. ಆದರೆ ನೇಗಿಲು ಎಲ್ಲಾದರೂ ಕಲ್ಲಿಗೆ ಸಿಕ್ಕಿಕೊಂಡರೆ ಹಿಂಚಕ್ರ ನಿಲ್ಲುತ್ತಿತ್ತು, ಎಂಜಿನ್ ನಿಲ್ಲುತ್ತಿರಲಿಲ್ಲ. ಮುಂಭಾಗ ಮೇಲೆದ್ದು ಟ್ರ್ಯಾಕ್ಟರು ಹಿಂದಕ್ಕೆ ಮಗುಚಿ ಓಡಿಸುವವನ ಮೇಲೇ ಬೀಳುತ್ತಿತ್ತು. ಎಷ್ಟೋ ರೈತರು ಹೀಗೆ ಸತ್ತರು. ಐರ್ಲೆಂಡಿನ ಹ್ಯಾರಿ ಫರ್ಗುಸನ್ ಇದಕ್ಕೆ ಪರಿಹಾರ ಕಂಡ. ನೇಗಿಲನ್ನು ಮೂರು ಕಡ್ಡಿಗಳಿಂದ ಜೋಡಿಸಿ, ನೇಗಿಲಿನ ಎಳೆತವೇ ಹಿಂಚಕ್ರಕ್ಕೆ ಭಾರ ಹಾಕುವಂತೆ, ಮೇಲಿನ ಕಡ್ಡಿ ಮುಂಭಾಗ ಏಳದಂತೆ ತಡೆಯುವಂತೆ ಮಾಡಿದ. 1939ರಲ್ಲಿ ಫೋರ್ಡ್ ಜೊತೆ ಸೇರಿ ಅದನ್ನು ಮಾರುಕಟ್ಟೆಗೆ ತಂದ. ಇವತ್ತು ಮಸ್ಕಿಯ ಸಂತೆ ರಸ್ತೆಯಲ್ಲಿ ನಿಂತ ಯಾವ ಟ್ರ್ಯಾಕ್ಟರಿನ ಹಿಂದೆ ನೋಡಿದರೂ ಆ ಮೂರು ಕಡ್ಡಿ ಕಾಣುತ್ತೆ.

ಡ್ರ್ಯಾಗ್ ರೇಸಿನವರು ಬೆನ್ನು ಹತ್ತಿದ್ದೂ ಇದೇ ಭಾರದ ಆಟವನ್ನು.

1950ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾ ಎಂಬಲ್ಲಿ ವಿಮಾನದ ರನ್‌ವೇ ಮೇಲೆ ಟಿಕೆಟ್ ಇಟ್ಟು ಡ್ರ್ಯಾಗ್ ರೇಸ್ ಶುರುವಾಯಿತು. ಮರುವರ್ಷ ವಾಲಿ ಪಾರ್ಕ್ಸ್ ಎಂಬಾತ ರಾಷ್ಟ್ರಮಟ್ಟದ ಸಂಘ ಕಟ್ಟಿದ. ಅವನ ದೊಡ್ಡ ಉದ್ದೇಶ ಹುಡುಗರನ್ನು ಬೀದಿಯಿಂದ ಟ್ರ್ಯಾಕಿಗೆ ತರುವುದು. ಆಗಿನ ಲೆಕ್ಕಾಚಾರದವರು ಒಂದು ಮಿತಿ ಹಾಕಿದ್ದರು. 1699ರಲ್ಲಿ ಫ್ರಾನ್ಸಿನ ಅಮೊಂಟಾನ್ಸ್ ಹೇಳಿದ ನಿಯಮದ ಪ್ರಕಾರ ಘರ್ಷಣೆ ಭಾರಕ್ಕೆ ತಕ್ಕಷ್ಟು ಮಾತ್ರ, ತಾಗುವ ಜಾಗ ಎಷ್ಟಿದ್ದರೂ ಒಂದೇ. ಹಿಡಿತ ಗಾಡಿಯ ಭಾರಕ್ಕಿಂತ ಹೆಚ್ಚಾಗದು ಅಂತ ಹಿಡಿದರೆ, ವೇಗ ಏರುವ ದರ ಮೇಲಿಂದ ಬೀಳುವ ಕಲ್ಲಿನಷ್ಟೇ ಇರಬಹುದು. ನೀವೇ ಲೆಕ್ಕ ಮಾಡಿ: ಆ ದರದಲ್ಲಿ 402 ಮೀಟರಿಗೆ 9.06 ಸೆಕೆಂಡು ಬೇಕು.

ಆದರೆ 1964ರಲ್ಲಿ ಡಾನ್ ಗಾರ್ಲಿಟ್ಸ್ 7.78 ಸೆಕೆಂಡಿನಲ್ಲಿ ಓಡಿ ಮುಗಿಸಿದ!

ನಿಯಮ ಮುರಿದದ್ದು ರಬ್ಬರು. ಮೆತ್ತಗಿನ ರಬ್ಬರು ಕಬ್ಬಿಣದಂತೆ ಅಲ್ಲ. ಅದು ರಸ್ತೆಯ ಸಣ್ಣ ಸಣ್ಣ ಉಬ್ಬು ತಗ್ಗುಗಳಿಗೆ ಇಳಿದು ಹಿಡಿಯುತ್ತೆ, ಬಿಸಿಯಾದರೆ ಅಂಟುತ್ತೆ. ಅದಕ್ಕೆ ತಾಗುವ ಜಾಗವೂ ಮುಖ್ಯ. ರಿಫ್ಕಿನ್ ಎಂಬ ತಂದೆ ಮಗ 1950ರ ದಶಕದಲ್ಲಿ ಡ್ರ್ಯಾಗ್ ರೇಸಿಗೆಂದೇ ಅಗಲವಾದ, ಮೆತ್ತಗಿನ, ಒಂದೂ ಗೀರಿಲ್ಲದ ಬೋಳು ಟೈರ್ ಮಾಡಿದರು. ಆಮೇಲೆ ಪಕ್ಕದ ಗೋಡೆ ಸುಕ್ಕಾಗುವ ಟೈರ್ ಬಂತು. ಹೊರಡುವಾಗ ಅದು ಮಡಚಿ ಕೂತು ನೆಲಕ್ಕೆ ಅಗಲವಾಗಿ ಒರಗುತ್ತೆ, ಆಮೇಲೆ ಚಿಮ್ಮುತ್ತೆ. ಕಲ್ಲು ಎಳೆಯುವ ಎತ್ತು ಹಿಂಗಾಲು ಮಡಚಿದ ಹಾಗೆಯೇ ಅಲ್ವಾ?

ಗದ್ದೆಗೆ ಹಲ್ಲಿನ ಟೈರು, ಟ್ರ್ಯಾಕಿಗೆ ಬೋಳು ಟೈರು ಯಾಕೆ ಅಂತ ನೀವು ಕೇಳಬಹುದು. ಕೆಸರಿನಲ್ಲಿ ರಬ್ಬರು ಎಲ್ಲಿಗೆ ಅಂಟಬೇಕು? ಅಲ್ಲಿ ಹಲ್ಲು ಒಳಗಿಳಿದು ಗಟ್ಟಿ ಮಣ್ಣನ್ನು ಹಿಂದಕ್ಕೆ ಒದೆಯಬೇಕು. ಒಣ ಡಾಂಬರಿನಲ್ಲಿ ಹಲ್ಲು ಹಾಕಿದರೆ ತಾಗುವ ಜಾಗ ಕಡಿಮೆಯಾಗುತ್ತೆ, ಹಲ್ಲುಗಳು ಅಲ್ಲಾಡಿ ಹಿಡಿತ ಬಿಡುತ್ತೆ. ನೆಲ ಬದಲಾದರೆ ಗೊರಸೂ ಬದಲು. ಆದರೆ ಬೋಳು ಟೈರಿನ ಮೇಲೆ ನೀರು ಬಿದ್ದರೆ ಮುಗೀತು, ಜಾರುಬಂಡೆ. ನಮ್ಮಲ್ಲಿ ಸವೆದ ಟೈರಿನಲ್ಲೇ ಇನ್ನೊಂದು ಮಳೆಗಾಲ ತೆಗೆಯುವವರು ಇದನ್ನು ನೆನಪಿಡಿ.

ಈಗ ರಸ್ತೆ ಕಾರಿನ ವಿಷಯ. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಎಂಜಿನ್ ಹಿಂಚಕ್ರವನ್ನು ತಿರುಗಿಸುತ್ತಿತ್ತು. 1983ರ ಕೊನೆಗೆ ಮಾರುತಿ 800 ಬಂತು, ಮುಂಚಕ್ರ ತಿರುಗಿಸುವ ಕಾರು. ಇವತ್ತು ನಮ್ಮ ಸಣ್ಣ ಕಾರುಗಳೆಲ್ಲ ಬಹುಪಾಲು ಹಾಗೇ. ಮನೆ ಬಳಕೆಗೆ ಒಳ್ಳೆಯದು, ಡ್ರ್ಯಾಗ್ ರೇಸಿಗೆ ಕಷ್ಟ. ಕಾರು ಹೊರಡುವಾಗ ಭಾರ ಹಿಂದಕ್ಕೆ ಸರಿಯುತ್ತೆ ನೋಡಿ.

ಒಂದು ಸಾವಿರ ಕೆಜಿ ಕಾರು ತಗೊಳ್ಳಿ. ಭಾರದ ಕೇಂದ್ರ 55 ಸೆಂಟಿಮೀಟರ್ ಎತ್ತರದಲ್ಲಿದೆ, ಮುಂದಿನ ಹಿಂದಿನ ಚಕ್ರಗಳ ನಡುವೆ ಎರಡೂವರೆ ಮೀಟರ್, ಹಿಡಿತ ಭಾರದ ಶೇ. 80. ಮುಂಚಕ್ರದ ಕಾರಿನಲ್ಲಿ ನಿಂತಾಗ ಮುಂದೆ 600 ಕೆಜಿ ಇದ್ದರೆ ಹೊರಡುವಾಗ ಸುಮಾರು 90 ಕೆಜಿ ಹಿಂದಕ್ಕೆ ಓಡಿ 510 ಉಳಿಯುತ್ತೆ. ಸಿಗುವ ತಳ್ಳು ಸುಮಾರು 408 ಕೆಜಿಯಷ್ಟು. ಹಿಂಚಕ್ರದ ಕಾರಿನಲ್ಲಿ ಹಿಂದೆ 500 ಕೆಜಿ ಇದ್ದರೂ ಹೊರಡುವಾಗ ಅದು 607 ಆಗುತ್ತೆ, ತಳ್ಳು 485. ನೂರು ಕೆಜಿ ಕಡಿಮೆ ಇಟ್ಟು ಶುರು ಮಾಡಿದವನೇ ಗೆದ್ದ!

ಹಾಗಾಗಿ ಟ್ರ್ಯಾಕಿಗೆ ಹೋಗುವವರು ಮಾಡುವುದು ಇಷ್ಟು. ಮುಂಚಕ್ರದ ಕಾರಾದರೆ ಡಿಕ್ಕಿಯಲ್ಲಿರುವ ಭಾರ ತೆಗೆಯುತ್ತಾರೆ. ತಿರುಗುವ ಚಕ್ರದ ಗಾಳಿಯನ್ನು ಒಂದೊಂದೇ ಪಿಎಸ್‌ಐ ಇಳಿಸಿ ಸಮಯ ನೋಡುತ್ತಾರೆ, ರಸ್ತೆಗೆ ಬರುವ ಮುಂಚೆ ಮತ್ತೆ ತುಂಬುತ್ತಾರೆ. ಗೀರುಳ್ಳ ರಸ್ತೆ ಟೈರಾದರೆ ನೀರು ಚೆಲ್ಲಿದ ಜಾಗವನ್ನು ಬಳಸಿಕೊಂಡು ಹೋಗುತ್ತಾರೆ, ಯಾಕಂದರೆ ಗೀರು ಆ ನೀರನ್ನು ಹೊತ್ತು ತಂದು ಹೊರಡುವ ಗೆರೆಯ ಮೇಲೆ ಸುರಿಯುತ್ತೆ. ಒಂದು ಸಲ ಚಕ್ರ ಸುತ್ತಿಸಿ ಧೂಳು ಕೊಡವಿದರೆ ಸಾಕು, ಹೊಗೆ ಎಬ್ಬಿಸೋದು ನೋಡುವವರಿಗೆ ಮಾತ್ರ. ಎಲ್ಲಕ್ಕಿಂತ ಮುಖ್ಯ ಕ್ಲಚ್. ಧಡಕ್ಕನೆ ಬಿಡದೆ, ಚಕ್ರ ಸ್ವಲ್ಪವೇ ಸ್ವಲ್ಪ ಜಾರುವಷ್ಟು ಬಿಡಬೇಕು. ರಬ್ಬರಿಗೆ ಗರಿಷ್ಠ ಹಿಡಿತ ಸಿಗೋದು ಅಷ್ಟು ಜಾರಿದಾಗಲೇ. ಅದಕ್ಕಿಂತ ಜಾರಿದರೆ ಕೈ ತಪ್ಪಿತು. ಒಂದೇ ಚಕ್ರ ಸುತ್ತುವ ರೋಗಕ್ಕೆ ಎರಡೂ ಚಕ್ರಕ್ಕೆ ಬಲ ಹಂಚುವ ಡಿಫರೆನ್ಷಿಯಲ್ ಇದೆ. ಅದು ನಮ್ಮ ಟ್ರ್ಯಾಕ್ಟರಿನವರಿಗೆ ಹಳೆಯ ಗೆಳೆಯ, ಕಾಲಿನ ಹತ್ತಿರವೇ ಡಿಫರೆನ್ಷಿಯಲ್ ಲಾಕ್ ಪೆಡಲ್ ಇರುತ್ತಲ್ಲ!

ನಮ್ಮ ದೇಶದಲ್ಲೂ ಇದು ಬೀದಿಯ ಆಟವಾಗಿ ಉಳಿದಿಲ್ಲ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಬೈಕುಗಳ ರಾಷ್ಟ್ರೀಯ ಡ್ರ್ಯಾಗ್ ಚಾಂಪಿಯನ್‌ಶಿಪ್ ನಡೆದಿದೆ. ಬೆಂಗಳೂರಿನ ಹೇಮಂತ್ ಮುದ್ದಪ್ಪ ಹಯಾಬುಸಾ ಓಡಿಸಿ ಹಲವು ಬಾರಿ ಗೆದ್ದಿದ್ದಾರೆ. ರಿಂಗ್ ರೋಡಿನಲ್ಲಿ ಮಧ್ಯರಾತ್ರಿ ಪ್ರಾಣ ಪಣಕ್ಕಿಡುವ ಹುಡುಗರು ಇದನ್ನು ತಿಳಿಯಬೇಕು. ಅಲ್ಲಿ ಹೋಗುವುದು ಬರೀ ಅವರ ಪ್ರಾಣ ಅಲ್ಲ, ಹಾಲು ತರೋಕೆ ಹೊರಟವರದ್ದೂ ಹೋಗುತ್ತೆ.

ಇನ್ನು ನಮ್ಮ ಕಡೆಗೆ ಬರೋಣ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯತೊಡಗಿದ ಮೇಲೆ ಎಡದಂಡೆ ಕಾಲುವೆಯ ಕೆಳಗೆ ಸಿಂಧನೂರು ಭತ್ತದ ಕಣಜವಾಯಿತು. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಮಣ್ಣು ಕೆಸರುಗದ್ದೆಯಾಯಿತು. ಈ ಮಣ್ಣು ಒಣಗಿದರೆ ಕಾಲು ಇಳಿಯುವಷ್ಟು ಬಿರುಕು, ನೆನೆದರೆ ಅಂಟು. ರಬ್ಬರ್ ಟೈರು ಇದರಲ್ಲಿ ಸೋಲುತ್ತೆ. ಹಾಗಾಗಿ ಟ್ರ್ಯಾಕ್ಟರಿಗೆ ಕಬ್ಬಿಣದ ಪಂಜರದ ಚಕ್ರ ಕಟ್ಟುತ್ತಾರೆ. 1932ಕ್ಕೆ ಮುಂಚಿನ ಉಕ್ಕಿನ ಗೊರಸು ನಮ್ಮ ಗದ್ದೆಗೆ ವಾಪಸ್ ಬಂತು! ಗದ್ದೆಯಲ್ಲಿ ಇದ್ದರೆ ಯಾರಿಗೂ ತೊಂದರೆ ಇಲ್ಲ. ಅದನ್ನು ಬಿಚ್ಚದೇ ಡಾಂಬರು ರಸ್ತೆಗೆ ಏರಿಸಿದರೆ ಹೊಸ ರಸ್ತೆ ಒಂದೇ ಹಂಗಾಮಿಗೆ ಕಿತ್ತುಹೋಗುತ್ತೆ. ಜೊತೆಗೆ ಚಕ್ರದಿಂದ ಉದುರಿದ ಎರೆಮಣ್ಣಿನ ಹೆಂಟೆಗಳು. ಅದರ ಮೇಲೆ ನಾಲ್ಕು ಹನಿ ಬಿದ್ದರೆ ಬೈಕಿನವನಿಗೆ ಹಿಡಿತವೇ ಇಲ್ಲ. ಗದ್ದೆಯವನ ಗೊರಸು ರಸ್ತೆಯವನ ಗೊರಸನ್ನು ಕಿತ್ತುಕೊಂಡ ಹಾಗೆ.

ಇನ್ನೊಂದು ಮಾತು. ಸಿಕ್ಕಿಕೊಂಡ ಟ್ರ್ಯಾಲಿ ಎಳೆಯಲು ಸರಪಳಿಯನ್ನು ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಎತ್ತರಕ್ಕೆ ಕಟ್ಟುವವರಿದ್ದಾರೆ. ಎತ್ತರಕ್ಕೆ ಕಟ್ಟಿದರೆ ಹಿಂಚಕ್ರಕ್ಕೆ ಭಾರ ಬಿದ್ದು ಹಿಡಿತ ಹೆಚ್ಚುತ್ತೆ, ನಿಜ. ಡ್ರ್ಯಾಗ್ ಕಾರಿನ ಮುಂಭಾಗ ಮೇಲೇಳುವುದೂ ಅದೇ ಲೆಕ್ಕದಿಂದ. ಆದರೆ ಡ್ರ್ಯಾಗ್ ಕಾರಿನ ಹಿಂದೆ ಮಗುಚದಂತೆ ತಡೆಯಲು ಸಣ್ಣ ಚಕ್ರದ ಕಂಬಿ ಇರುತ್ತೆ. ಟ್ರ್ಯಾಕ್ಟರಿನ ಹಿಂದೆ ಇರಲ್ಲ. ಅಲ್ಲಿ ಕೂತ ಹುಡುಗನಿಗೆ ಹಾರಲು ಒಂದು ಸೆಕೆಂಡೂ ಸಿಗಲ್ಲ. ಸರಪಳಿ ಯಾವತ್ತೂ ಕೆಳಗಿನ ಕೊಂಡಿಗೇ, ಹಿಂಚಕ್ರದ ಅಚ್ಚಿಗಿಂತ ಕೆಳಗೇ ಇರಬೇಕು. ಸಿಕ್ಕಿಕೊಂಡ ಗಾಡಿಯನ್ನು ಕ್ಲಚ್ ಹಾರಿಸಿ ಜಗ್ಗಬಾರದು. ಫರ್ಗುಸನ್ ನೂರು ವರ್ಷದ ಹಿಂದೆ ತಲೆ ಕೆಡಿಸಿಕೊಂಡಿದ್ದು ಇದಕ್ಕೇ.

ನಿಮ್ಮೂರಿನ ಟ್ರ್ಯಾಕ್ಟರಿನವರಿಗೆ, ತಮ್ಮಂದಿರಿಗೆ ಇದನ್ನು ಹೇಳಿ. ಮತ್ತೆ ನಿಮ್ಮ ಕಡೆ ಪಂಜರ ಚಕ್ರಕ್ಕೆ ಏನಂತಾರೆ, ಕಲ್ಲು ಎಳೆಯುವ ಎತ್ತಿಗೆ ಯಾವ ತರಹದ ಲಾಳ ಹೊಡೀತಾರೆ ಅನ್ನೋದು ಗೊತ್ತಿದ್ದರೆ ಖಂಡಿತ ತಿಳಿಸಿ. ನನಗೂ ಕಲಿಯುವ ಆಸೆ.