ಪದ ಪರಿಚಯ: ಲಾಗರ್

ಲಾಗರ್: ಬೆಂಗಳೂರಿನ ಪಬ್ಬುಗಳಲ್ಲಿ ಈಗ ‘ಹಾಪಿ ಲಾಗರ್’ ಬೇಕೆನ್ನುವವರಿದ್ದಾರೆ. ಲಾಗರ್ ಅಂದರೆ ತಿಳಿ ಬಿಯರ್ ಎಂದುಕೊಂಡವರೇ ಹೆಚ್ಚು. ಕಪ್ಪು ಲಾಗರೂ ಉಂಟು! ಜರ್ಮನ್ ಭಾಷೆಯ ‘ಲಾಗರ್ನ್’ ಎಂದರೆ ಕೂಡಿಡು, ದಾಸ್ತಾನು ಮಾಡು. ಬವೇರಿಯಾದವರು ಬಿಯರನ್ನು ತಂಪು ನೆಲಮಾಳಿಗೆಗಳಲ್ಲಿಟ್ಟು ಮಾಗಿಸುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದ. ಧಾರವಾಡ ಜಿಲ್ಲೆಯ ಶಲವಡಿ ಸೀಮೆಯ ಹಿರಿಯರು ಬಲ್ಲ, ನೆಲದೊಳಗೆ ಜೋಳ ಕೂಡಿಡುವ ಹಗೇವನ್ನೂ ಜರ್ಮನ್ನರು ಲಾಗರ್ ಎಂದೇ ಕರೆದಾರು. ಬಿಡಾರಕ್ಕೂ ಅಲ್ಲಿ ಅದೇ ಮಾತು. ಮಲಗು ಎಂಬರ್ಥದ ಇಂಗ್ಲಿಷಿನ ‘ಲೈ’ ಇದರ ದಾಯಾದಿ.

ಹಾಪ್ ಒಂದು ಬಳ್ಳಿಯ ಹೂ. ಕುದಿಸಿದರೆ ಕಹಿ ಬಿಡುತ್ತದೆ, ತಣಿದ ಮೇಲೆ ಹಾಕಿದರೆ ಘಮ. ಹಾಪಿ ಲಾಗರಿನ ಹೊಸ ರುಚಿಯ ಗುಟ್ಟು ಬಹುಪಾಲು ಆ ಘಮದ್ದೇ. ಕೆಲವರು ಹಾಪಿನ ರುಚಿಯನ್ನು ‘ಒಗರು’ ಎಂದು ಬರೆಯುತ್ತಾರೆ. ಬೇಡ, ಒಗರು ಅಡಿಕೆಯದು, ಹಾಪಿನದು ಕಹಿ.